ನರಸಿಮ್ಲುವಿನ ಎರಡು ಕೂಗು

ಘಟಪ್ರಭೆ ದಂಡೆ ಮೀರಿ ಕಬ್ಬಿನ ಹೊಲಗಳಿಗೆ ನುಗ್ಗಿದ ಆ ಸಂಜೆ, ಘೋಡಗೇರಿ ಕಡೆಯ ಹೊಳೆದಂಡೆಯ ತೋಟದ ಮನೆಗಳವರೆಲ್ಲ ದಿಬ್ಬದ ಮೇಲಿನ ಶಾಲೆಗೆ ಬಂದು ಸೇರಿದ್ದರು. ಕರೆಂಟು ಮಧ್ಯಾಹ್ನವೇ ಹೋಗಿತ್ತು. ಒಂದು ಕೋಣೆಯಲ್ಲಿ ಜೋಳದ ಚೀಲ, ಇನ್ನೊಂದರಲ್ಲಿ ಮಂದಿ, ವರಾಂಡದಲ್ಲಿ ದನ. ತಗಡಿನ ಮೇಲೆ ಮಳೆ ಬಿಡುವಿಲ್ಲದೆ ಸುರಿಯುತ್ತಿತ್ತು.

ರಾಜೇಶ್ವರಿ ಬಾಗಿಲು ಬಿಟ್ಟು ಅಲುಗಿರಲಿಲ್ಲ. ಎಮ್ಮೆಯ ಹಗ್ಗ ಬಿಚ್ಚಿಕೊಂಡು ಬರುತ್ತೇನೆಂದು ಹೊಲದ ಗುಡಿಸಲಿಗೆ ಹೋದ ಗಂಡ ಬಾಳೇಶ ಇನ್ನೂ ಬಂದಿರಲಿಲ್ಲ. ಅವನು ಹೋಗುವಾಗ ಮೊಣಕಾಲುದ್ದವಿದ್ದ ನೀರು ಈಗ ದಾರಿಯನ್ನೇ ನುಂಗಿತ್ತು. ಅವನ ಫೋನು ಬಂದ್ ಆಗಿತ್ತು. ತಾಲೂಕಿನಿಂದ ದೋಣಿ ಬರುತ್ತದೆ ಎಂದು ಪಕ್ಕದ ತೋಟದ ಮಾಳು ಆಗಿನಿಂದ ಹೇಳುತ್ತಲೇ ಇದ್ದ. ಗಂಡ ಹೆಂಡತಿ ಇಬ್ಬರೂ ಬೆಲ್ಲದ ಬಾಗೇವಾಡಿಯವರು, ಹೋದ ವರ್ಷವಷ್ಟೇ ಇಲ್ಲಿ ಪಾಲಿಗೆ ಹೊಲ ಹಿಡಿದು ಬಂದವರು. ಹೊಳೆ ಸಿಟ್ಟಿಗೆದ್ದದ್ದನ್ನು ಅವರು ಯಾವತ್ತೂ ನೋಡಿರಲಿಲ್ಲ.

"ನಾನಽ ಹೋಗಿ ನೋಡ್ತೇನಿ" ಎಂದು ಅವಳು ಸೆರಗು ಸಿಕ್ಕಿಸಿ ಎದ್ದಳು.

"ಹೋಗು, ಹೋಗು" ಎಂದಳು ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಕಾಶೆವ್ವ. ಆ ದಂಡೆಗೆಲ್ಲ ಹಿರಿಯ ಜೀವ ಅವಳೇ. "ಹೊಳಿಗೆ ಒಬ್ಬಾಂವ ಸಾಲಂಗಿಲ್ಲ, ನೀನೂ ಹೋಗು. ಬಾ ಇಲ್ಲೆ! ಕುಂದ್ರು ಅಂದ್ರ ಕುಂದ್ರಬೇಕು. ಇಂಥಾ ಹೊತ್ತಿನ್ಯಾಗ ನೀರಿನ ದಂಡ್ಯಾಗ ಏನ ಮಾಡಬೇಕು, ಏನ ಮಾಡಬಾರದು ಅಂತ ನಿಮ್ಮ ಬಾಗೇವಾಡಿ ಮಂದಿಗೆ ಯಾರ ಹೇಳಿರ್ತಾರ? ನಾ ಹೇಳ್ತೇನಿ. ಏ ಮಾಳ್ಯಾ, ಆ ಕಂದೀಲಾ ಈ ಕಡೆ ಸರಸೋ. ನನ್ನ ಮಾರಿ ನೋಡಿ ಹುಡುಗೂರು ಅಂಜಿದ್ರ ಅಂಜಲಿ, ನಿನ್ನ ಮಾರಿ ನೋಡಿ ಅಂಜೂಕಿಂತ ಚಲೋ."

ಕತ್ತಲಲ್ಲೂ ನಗು ಎದ್ದಿತು. ರಾಜೇಶ್ವರಿ ನಗಲಿಲ್ಲ. ಆದರೂ ಬಾಗಿಲಿಗೆ ಮುಖ ಮಾಡಿ ಕುಳಿತಳು. ಮಂದಿ ಸುತ್ತ ಸರಿದು ಬಂದ ಮೇಲೆ ಕಾಶೆವ್ವ ಶುರುಮಾಡಿದಳು.

"ನಾ ಈ ದಂಡಿಗೆ ಸೊಸಿಯಾಗಿ ಬಂದ ವರ್ಷದ ಮಾತಿದು... ಹಿಡಕಲ್ ಡ್ಯಾಮ ಕಟ್ಟಿದ್ರು, ನೀರ ನಿಂತ್ವು, ನೀರ ನಿಂತ ಮ್ಯಾಲ ಮೀನಾ ಆದ್ವು, ಮೀನಾ ಆದ ಮ್ಯಾಲ ಹಿಡಿಯೋ ಮಂದಿ ಬರಬೇಕಲ್ಲ? ಬಂದ್ರು. ಎಲ್ಲಿಂದ? ತೆಲಗ ಸೀಮಿಂದ. ಕೃಷ್ಣಾ ಹೊಳಿ ಹಿಡಕೊಂಡು ಮ್ಯಾಲ ಮ್ಯಾಲ ಬಂದು, ನಮ್ಮ ಹೊಳಿಗೆ ಹೊಳ್ಳಿ, ಹೇಣ್ತಿ ಮಕ್ಕಳು, ಬೋಗಾಣಿ, ಗಂಟು, ಎಲ್ಲಾ ಕಟಗೊಂಡು ಬಂದ್ರು. ಒಬ್ಬೊಬ್ಬನ ತಲಿ ಮ್ಯಾಲ ಒಂದೊಂದು ಪುಟ್ಟಿ. ಪುಟ್ಟಿ ಅಂದ್ರ ಗೊತ್ತೈತೇನ ಹುಡಗಿ? ಬಿದರಿನ ದುಂಡನ ಬುಟ್ಟಿ, ಹೊರಗ ತಾಡಪತ್ರಿ ಸುತ್ತಿ ಡಾಂಬರ ಬಡದಿರ್ತಾರ, ಅದಽ ಅವರ ದೋಣಿ. ದೂರಿಂದ ನೋಡಿದ್ರ ದಂಡಿ ಮ್ಯಾಲ ಆಮಿ ಸಾಲ ಹಚ್ಚಿ ಹೊಂಟಂಗ ಕಾಣತಿತ್ತು. ಅವರಿಗೆ ಊರೆಲ್ಲಿ, ನೆಲಾ ಎಲ್ಲಿ? ಪುಟ್ಟಿ ಬೋರಲ ಹಾಕಿದ್ರ ಅದಽ ಮನಿ, ನೀರಿಗೆ ಹಾಕಿದ್ರ ಅದಽ ಹೊಲಾ.

"ನಾವು ಅವರ್ನ ಹತ್ತರ ಬಿಟಗೊಂಡಿದ್ದಿಲ್ಲ ಬಿಡು. ಲಿಂಗಾ ಕಟಗೊಂಡ ಮಂದಿ, ಮೀನದ ವಾಸನಿ ಅಂದ್ರ ಮೂಗಿಗೆ ಸೆರಗ. ನಮ್ಮತ್ತಿ ಸೀತವ್ವ ಅಂತೂ... ಅಕಿ ಬಾಯಿ ಮುಂದ ನನ್ನ ಬಾಯಿ ಏನೂ ಅಲ್ಲ, ನಗಬ್ಯಾಡ್ರಿ, ಖರೇನ ಹೇಳಾಕತ್ತೇನಿ... ಅವರ ಪುಟ್ಟಿ ನೆಳ್ಳ ಬಿದ್ರೂ ಜಳಕಾ ಮಾಡಾಕಿ. ಆ ಮಂದ್ಯಾಗ ನರಸಿಮ್ಲು ಅಂತ ಒಬ್ಬಾಂವ ಇದ್ದ. ಸಣಕಲ ಆಳು, ಬೈದ್ರೂ ನಗೋಂವಾ. ನಮ್ಮ ಮಾತು ಹರಕ ಮುರಕ ಬರ್ತಿತ್ತು. ಆಚೀ ದಂಡಿಗೆ ಹೋಗೋರು ಯಾರರ ಇದ್ರ ದಾಟಸ್ತಿದ್ದ. ದಂಡಿ ಬಿಡೂ ಮುಂದ ಹುಟ್ಟು ತಗೊಂಡು ಪುಟ್ಟಿಗೆ ಟಕ್ ಅಂತ ಬಡದು ಎರಡ ಸಲಾ ಒದರಾಂವಾ. 'ಯಾರರ ಅದೀರೇನ್ರೀ... ಯಾರರ ಅದೀರೇನ್ರೀ...' ಅಷ್ಟಽ. ಮೂರನೇ ಸಲಾ ಜೀವಾ ಹೋದ್ರೂ ಒದರತಿದ್ದಿಲ್ಲ. ಯಾಕ? ನೀರಿನ ಮ್ಯಾಲ ಎರಡ ಕೂಗು ಮನಶ್ಯಾಂದು, ಮೂರನೇದ್ದು ಹೊಳೀದು... ಅದು ಅವರ ಮಂದಿ ಪದ್ಧತಿ. ನಮ್ಮ ಪದ್ಧತಿ ಏನೈತಿ? ನೀ ಹೇಳು ನೋಡೂಣು."

ರಾಜೇಶ್ವರಿ ಬಾಗಿಲಿನಿಂದ ಕಣ್ಣು ತೆಗೆಯದೆ ಹೇಳಿದಳು. "ಕತ್ತಲಾಗ ಯಾರರ ಕರದ್ರ ಮೂರನೇ ಸಲಕ್ಕ ಓ ಅನಬೇಕ್ರಿ. ದೆವ್ವಕ್ಕ ಎರಡ ಸಲಾ ಅಷ್ಟ ಕರ್ಯಾಕ ಬರ್ತೈತಿ ಅಂತ ನಮ್ಮತ್ತಿ ಹೇಳತಿರ್ತಾರ."

"ಹಾಂ! ನಿಮ್ಮತ್ತಿನೂ ಹೇಳ್ಯಾಳ, ನಮ್ಮತ್ತಿನೂ ಹೇಳಿದ್ಲು, ನಮ್ಮ ಕಡೆ ಯಾವತ್ತಿ ಹೇಳಿಲ್ಲ? ಈಗ ಕೇಳು... ಆ ವರ್ಷ ಹೊಳಿ ಹಿಂಗಽ ಬಂತು. ನರಸಿಮ್ಲು ಮುಂಜಾನಿಂದ ಕೂಳ ನೀರ ಬಿಟ್ಟು ಎಲ್ಲಾರ್ನೂ ಈ ದಿಬ್ಬಕ್ಕ ತಂದು ಹಾಕಿದ. ವಾಸನಿ ಅಂದವರು, ಮೂಗ ಮುಚ್ಚಿದವರು, ಎಲ್ಲಾರೂ ಪಿಟಕ್ ಅನ್ನದ ಪುಟ್ಟ್ಯಾಗ ಕುಂತ್ರು. ಜೀವಾ ಅಂದ್ರ ಅಷ್ಟ ರುಚಿ ನೋಡವ್ವಾ. ಸೀತವ್ವ ಒಬ್ಬಾಕಿ ಬರಲಿಲ್ಲ. 'ಮೀನದ ಬುಟ್ಟ್ಯಾಗ ಕುಂತು ಬದಕೂಕಿಂತ ನಮ್ಮ ಮಾಳಗಿ ಮ್ಯಾಲ ಸಾಯತೇನಿ' ಅಂದ್ಲು. ನನ್ನ ಗಂಡ ಕೈ ಹಿಡದು ಜಗ್ಗಿದ್ರ ಅವನ ಕಪಾಳಕ್ಕ ಒಂದ ಬಿಟ್ಲು. ಏನ ಮಾಡಾಕ ಬರ್ತೈತಿ? ಹೊತ್ತ ಮುಣಗೂದ್ರಾಗ ನೀರ ಕಿಡಕಿಗೆ ಬಂತು. ಹೋಗಪಾ ಅಂತ ನರಸಿಮ್ಲುಗ ಯಾರೂ ಹೇಳಲಿಲ್ಲ, ಯಾವ ಬಾಯಿಲೆ ಹೇಳೂದು? ಅಂವಾ ತಾನಽ ಪುಟ್ಟಿ ತಿರವಿದ.

"ಅಕಿ ಮಾಳಗಿ ಮ್ಯಾಲ ಕಂಬಳಿ ಹೊದ್ದು ಕುಂತಾಳ. ಕೈಗೆ ಕೈ ಕಾಣವಲ್ಲವು. ಕೆಳಗ ಟಕ್... 'ಯಾರರ ಅದೀರೇನ್ರೀ...' ಅಕಿ ಸುಮ್ಮನ. ಟಕ್... 'ಯಾರರ ಅದೀರೇನ್ರೀ...' ಅಕಿ ಉಸರ ಬಿಗಿಹಿಡದು ಮೂರನೇದ್ದರ ದಾರಿ ಕಾಯಾಕತ್ತಾಳ. ಇತ್ತಾಗ ಅಂವಾ ಮೂರನೇದ್ದು ಒದರಾಂವಲ್ಲ, ಅತ್ತಾಗ ಅಕಿ ಮೂರನೇದ್ದು ಬರೂತನಕಾ ಬಾಯಿ ಬಿಡಾಕಿ ಅಲ್ಲ... ಎಂಥಾ ಗಂಟ ಬಿತ್ತು ನೋಡ್ರಿ! ಬ್ಯಾರೇದಾಂವ ಆಗಿದ್ರ ಮುದಕಿ ಹ್ವಾದ್ಲು ಅಂತ ಹೊಳ್ಳಿ ಬರ್ತಿದ್ದ. ಅಂವಾ ಬರಲಿಲ್ಲ. ಬಾಗಲ ಮುಂದಿನ ಬೇವಿನ ಗಿಡಕ್ಕ ಪುಟ್ಟಿ ಕಟ್ಟಿ, ನೀರಿಗಿಳದು, ಹುಡಕಾಕ ಒಳಗ ಹೊಕ್ಕ. ಮಣ್ಣಿನ ಗ್ವಾಡಿ, ನೀರ ಕುಡದು ಮೆತ್ತಗಾಗಿತ್ತು... ಮುಂದಿನ ಪಡಸಾಲಿ ಧಪ್ ಅಂತ ಅವನ ಮ್ಯಾಲ ಕುಂತ ಬಿಡ್ತು."

ಯಾರೋ "ಎಪ್ಪಾ" ಎಂದರು. ಕಾಶೆವ್ವ ಕಂದೀಲಿನ ಬತ್ತಿ ಏರಿಸಿದಳು.

"ಆಮ್ಯಾಲ ಬಂತು ಮೂರನೇದ್ದು... ಬಾಗಲದಿಂದ ಅಲ್ಲ, ನಟ್ಟನಡು ಹೊಳ್ಯಾಗಿಂದ. 'ಯವ್ವಾ... ಬಾರಽ ಯವ್ವಾ...' ಯಾರ ದನಿ? ನನ್ನ ಗಂಡನ ದನಿ. ಖರೆ ನನ್ನ ಗಂಡ ಇಲ್ಲೆ ದಿಬ್ಬದ ಮ್ಯಾಲ ನನ್ನ ಬಾಜೂಕ ಕುಂತು ಅಳಾಕತ್ತಿದ್ದ! ಅಕಿ ಎದ್ದ ನಿಂತ್ಲು. ಓ ಅನ್ನಾಕ ಬಾಯಿ ತಗದ್ಲು. ಮಾಳಗಿ ಅಂಚಿಗೆ ಹೆಜ್ಜಿ ಇಟ್ಲು... ಅಷ್ಟ್ರಾಗ ಗಿಡಕ್ಕ ಕಟ್ಟಿದ ಪುಟ್ಟಿ ಹಗ್ಗ ಹರಕೊಂಡು ಬಂದು ಗ್ವಾಡಿಗೆ ಟಕ್ ಅಂತ ಬಡೀತು. ಮಿಂಚಿನ ಬೆಳಕಿನ್ಯಾಗ ಬಗ್ಗಿ ನೋಡ್ತಾಳ... ಪುಟ್ಟಿ ಐತಿ, ಹುಟ್ಟು ಐತಿ, ಆಳಿಲ್ಲ. ಆವಾಗ ತಿಳೀತು ಅಕಿಗೆ, ಎರಡ ಸಲಾ ಕರದಾಂವ ಮನಶ್ಯಾ ಇದ್ದ ಅಂತ. ಬಾಯಿ ಮುಚಗೊಂಡು ಇಳದು ಅದಽ ಪುಟ್ಟ್ಯಾಗ ಕುಂತ್ಲು. ಬೆಳಗಾಗೂದ್ರಾಗ ಮನಿ ಪೂರಾ ಕುಸದಿತ್ತು. ಮೀನದ ಪುಟ್ಟ್ಯಾಗ ಕುಂತಾಕಿ ಜೀವಂತ ಇದ್ಲು.

"ನರಸಿಮ್ಲುನ ಹೇಣ್ತಿ ಬಂದ್ಲು. ಬೈಲಿಲ್ಲ, ಬಡೀಲಿಲ್ಲ. 'ಕರದನೇನವ್ವಾ ನಮ್ಮಾಂವಾ?' ಅಂತ ಕೇಳಿದ್ಲು. ನಮ್ಮತ್ತಿ 'ಕರದ' ಅಂದ್ಲು. 'ಮತ್ತ ನೀ ಯಾಕ ಓ ಅನಲಿಲ್ಲ?' ಇದಕ್ಕ ಏನಂತ ಹೇಳ್ತಿ? ಮೂರ ಲೋಕಕ್ಕ ಬಾಯಿ ಮಾಡಾಕಿ, ಅವತ್ತ ಅಕಿ ಕಾಲ ಹಿಡದು ಅತ್ಲು. ಮುಂದಿನ ಬ್ಯಾಸಗಿಗೆ ಆ ಮಂದಿ ಪುಟ್ಟಿ ಹೊತಗೊಂಡು ಹಿನ್ನೀರಿನ ಕಡೆ ಹೋಗಿಬಿಟ್ರು. ಅವರ ಮೊಮ್ಮಕ್ಕಳು ಈಗ ಹುಕ್ಕೇರಿ ಪ್ಯಾಟ್ಯಾಗ ಮೀನಾ ಮಾರತಾರ, ನನಕಿಂತ ಚಂದ ಕನ್ನಡ ಮಾತಾಡತಾರ. ಎಲ್ಲಾರೂ ಹ್ವಾದ್ರು, ನರಸಿಮ್ಲು ಒಬ್ಬಾಂವ ಹೋಗಲಿಲ್ಲ... ಹೊಳಿ ಮನೀತನಕ ಬಂದಾಗೆಲ್ಲಾ ಕರೀತಾನ. ಎರಡ ಸಲಾ. ಓ ಅಂದವರು ದಂಡಿಗೆ ಬಂದಾರ. ನಮ್ಮತ್ತಿ ಸಾಯೂತನಕಾ ಪ್ರತಿ ಮಳಿಗಾಲಕ್ಕ ಅಂಗಳದಾಗ ನಿಂತು ಮೊದಲನೇ ಕೂಗಿಗೇ ಓ ಅಂತಿದ್ಲು."

"ಓ ಅನದವರು?" ಎಂದು ಮಾಳು ಕೇಳಿದ.

"ಬಾಯಿ ಮುಚ್ಚೋ."

ಆದರೆ ರಾಜೇಶ್ವರಿಗೆ ಅಷ್ಟೇ ಸಾಕಾಗಿತ್ತು. ಅವಳು ಕಾಶೆವ್ವನ ಕೈ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. "ಅವರಿಗೆ ಇದು ಗೊತ್ತಿಲ್ಲ ಆಯೀ! ಅವರೂ ಅವರವ್ವನ ಮಾತ ಕೇಳಿ ಬೆಳದವರು. ಕರದ್ರೂ ಓ ಅನ್ನಂಗಿಲ್ಲ ಅವರು, ಸುಮ್ಮನ ಕುಂದರತಾರ!"

ಕಾಶೆವ್ವ ಹುಡುಗಿಯ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು.

ಆಗ ದಿಬ್ಬದ ಕೆಳಗೆ ಎಮ್ಮೆಯೊಂದು ಒದರಿತು. ವರಾಂಡದ ದನಗಳು ತಿರುಗಿ ಕೂಗಿದವು. ಮಾಳು ಕಂದೀಲು ಹಿಡಿದು ಓಡಿದ. ಕೆಸರಲ್ಲಿ ಜಾರುತ್ತ, ಏಳುತ್ತ, ಎಮ್ಮೆಯ ಹಗ್ಗ ಕೈಗೆ ಸುತ್ತಿಕೊಂಡು ಬಾಳೇಶ ಮೇಲೆ ಬಂದ.

ರಾಜೇಶ್ವರಿ ಅವನನ್ನು ಎರಡೂ ಕೈಯಿಂದ ಬಡಿದಳು, ಬೈದಳು, ಆಮೇಲೆ ತನ್ನ ಸೆರಗಿನಿಂದಲೇ ಅವನ ತಲೆ ಒರೆಸಿದಳು. ಎದೆಯ ಮೇಲಿದ್ದ ಬೀಸುಕಲ್ಲು ಇಳಿದಂತಾಗಿ ಅವಳಿಗೆ ಅಳುತ್ತಲೇ ನಗು ಬಂತು. ಯಾರೋ ಚಹಾ ತಂದುಕೊಟ್ಟರು.

"ಯಾರನ್ನ ಕಳಿಸಿದ್ರಿ?" ಎಂದ ಬಾಳೇಶ, ಲೋಟವನ್ನು ಎರಡು ಕೈಯಲ್ಲಿ ಹಿಡಿದು. "ನಾ ಗುಡಸಲದ ಮ್ಯಾಲ ಏರಿ ಕುಂತಿದ್ದೆ. ಯಾರೋ ಯಾರರ ಅದೀರೇನ್ರೀ ಅಂದ್ರು. ನಮ್ಮವ್ವ ಹೇಳಿದ್ದು ನೆನಪಾತು, ಸುಮ್ಮನ ಕುಂತೆ. ಎರಡನೇ ಸಲಾ ಕರದ್ರು, ಆವಾಗೂ ಸುಮ್ಮನ ಕುಂತೆ. ಈ ಎಮ್ಮಿ ಎಲ್ಲಿ ಕೇಳತೈತಿ? ಬಾಯಿ ತಗದು ಒದರೇಬಿಡ್ತು! ಅದರ ಸಪ್ಪಳಕ್ಕ ಪುಟ್ಟಿ ತಂದು ಹಚ್ಚಿದ. ಎಮ್ಮಿ ಹಿಂದಿಂದ ಈಸ್ಕೋತ ಬಂತು. ಒಂದ ಮಾತಾಡಲಿಲ್ಲರಿ ಅಂವಾ, ಬರೇ ನಗತಿದ್ದ. ಮ್ಯಾಲ ಬಾ, ಚಾ ಕುಡದು ಹೋಗು ಅಂದ್ರೂ ಪುಟ್ಟಿ ಬಿಟ್ಟ ಇಳೀಲಿಲ್ಲ."

ಮಾಳು ಮೆಲ್ಲಗೆ ಹೇಳಿದ. "ತಾಲೂಕಿನ ದೋಣಿ ಇನ್ನೂ ಬಂದಿಲ್ಲಪಾ."

ಬಾಳೇಶನ ಅಂಗಿಯಿಂದ ಡಾಂಬರು ಮತ್ತು ಮೀನಿನ ವಾಸನೆ ಬರುತ್ತಿತ್ತು. ಆ ಕೋಣೆಯಲ್ಲಿ ಒಬ್ಬರೂ ಮೂಗು ಮುಚ್ಚಲಿಲ್ಲ.

ಕೆಳಗೆ ಕತ್ತಲೆಯಲ್ಲಿ ಟಕ್ ಎಂದಿತು.

"ಯಾರರ ಅದೀರೇನ್ರೀ..."

ಕಾಶೆವ್ವ ಏಳಲು ನೋಡಿದಳು, ಮೊಣಕಾಲು ಏಳಗೊಡಲಿಲ್ಲ. ಅಷ್ಟರಲ್ಲಿ ರಾಜೇಶ್ವರಿ ಬಾಗಿಲಿಗೆ ಹೋಗಿದ್ದಳು. ಎರಡನೆಯ ಕೂಗಿಗೆ ಅವಳು ಕಾಯಲಿಲ್ಲ.

"ಓ ಯಣ್ಣಾ! ಎಲ್ಲಾರೂ ಬಂದೇವೋ! ಇನ್ನ ಯಾರೂ ಇಲ್ಲ, ನೀ ಹೋಗಿ ಆರಾಮ ಮಲ್ಕೋ!"

ಹುಟ್ಟಿನ ಸಪ್ಪಳ ಸ್ವಲ್ಪ ಹೊತ್ತು ಕೇಳಿ, ದೂರವಾಗಿ, ಮಳೆಯಲ್ಲಿ ಸೇರಿಹೋಯಿತು. ಅವಳು ಬಂದು ಗಂಡನ ಪಕ್ಕದಲ್ಲಿ ಕುಳಿತಳು. ಕೈಕಾಲು ಹಗುರಾಗಿದ್ದವು. ಹಸಿವೆಯಾಗುತ್ತಿದೆ ಎಂದು ಅವಳಿಗೆ ಆಗ ಗೊತ್ತಾಯಿತು. ಮಂದಿ ರೊಟ್ಟಿಯ ಗಂಟು ಬಿಚ್ಚತೊಡಗಿದರು.

ಆಗ ಹೊಳೆಯ ನಡುವಿನಿಂದ ಇನ್ನೊಂದು ದನಿ ಬಂತು.

"ರಾಜೂ... ಬಾರಽ ರಾಜೂ..."

ಬಾಳೇಶನದೇ ದನಿ. ರಾಜೇಶ್ವರಿ ತಟ್ಟನೆ ಪಕ್ಕಕ್ಕೆ ನೋಡಿದಳು. ಬಾಳೇಶ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, ಜಗಿಯುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದ. ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದು ತುಟಿ ಮುಚ್ಚಿಕೊಂಡಳು.

"ಬಾಗಲಾ ಹಾಕೋ ಮಾಳ್ಯಾ" ಎಂದಳು ಕಾಶೆವ್ವ, ಕಂಬಳಿ ಎಳೆದುಕೊಳ್ಳುತ್ತ. "ಗಂಡ ಬಾಜೂಕ ಅದಾನ, ನೀ ನಿಶ್ಚಿಂತಿಂದ ಉಣ್ಣವ್ವಾ. ಅದು ಬೆಳತನಕಾ ಕರೀತೈತಿ... ಎರಡಕ್ಕ ನಿಂದ್ರಾಕ ಅದೇನ ಮನಶ್ಯಾನ?"