ಬಾಳೆದಿಂಡಿಗೆ ಕೊಟ್ಟ ಲಿಂಗ

ನಗೋದಾದ್ರೆ ಈಗಲೇ ನಕ್ಕುಬಿಡಿ. ಶುರು ಮಾಡಿದ ಮೇಲೆ ಮಧ್ಯದಲ್ಲಿ ಯಾರೂ ಬಾಯಿ ಹಾಕಬಾರದು. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನಮ್ಮ ದೊಡ್ಡಪ್ಪನ ಮಗ ಬಸವೇಶಣ್ಣನಿಗೆ ಆದದ್ದು. ಕೊನೆಯ ಭಾಗಕ್ಕೆ ನಾನೇ ಸಾಕ್ಷಿ.

ಬಸವೇಶಣ್ಣ ಕೊಳ್ಳೇಗಾಲದಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟಿದ್ದಾನೆ. ಅವತ್ತು ಬೈಕು ಕೈಕೊಟ್ಟಿತ್ತು. ಕೊನೇ ಬಸ್ಸು ಹಿಡಿದು ಶಾಗ್ಯದಲ್ಲಿ ಇಳಿದ. ಅವರ ಮನೆ ಊರಾಚೆ ಜಮೀನಿನಲ್ಲಿ. ದಾರೀಲಿ ಅವರದೇ ಹಳೇ ಬಾವಿ, ಬತ್ತಿ ಎಷ್ಟೋ ವರ್ಷ ಆಯ್ತು. ಅದರ ಪಕ್ಕದಲ್ಲೇ ತೀರಿಕೊಂಡ ದೊಡ್ಡಪ್ಪನ ಗದ್ದುಗೆ, ಅಂದರೆ ಸಮಾಧಿ.

ಬಾವಿ ಹತ್ತಿರ ಬರ್ತಿದ್ದ ಹಾಗೆ ಸದ್ದು ಕೇಳಿಸ್ತು.

ತೊಟ್... ತೊಟ್... ತೊಟ್...

ನೀರಿಗೆ ನೀರು ಬಿದ್ದ ಸದ್ದಲ್ಲ. ಕಲ್ಲಿನ ಮೇಲೆ ನೀರು ತೊಟ್ಟಿಕ್ಕೋ ಸದ್ದು. ಜೊತೆಗೊಂದು ವಾಸನೆ... ಮದುವೆ ಚಪ್ಪರಕ್ಕೆ ಬಾಳೆಕಂಬ ಕಡಿದಾಗ ಬರುತ್ತಲ್ಲ, ಆ ಹಸಿ ವಾಸನೆ. ಅಲ್ಲಿ ಸುತ್ತಮುತ್ತ ಬಾಳೆ ಇಲ್ಲ, ಬರೀ ಜೋಳ.

ಮೊಬೈಲ್ ಲೈಟು ಬಿಟ್ಟ. ಬಾವಿ ಕಟ್ಟೆ ಮೇಲೆ ಯಾರೋ ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ. ಬೆನ್ನು ಈ ಕಡೆಗೆ. ಬಿಳೀ ಅಂಗಿ. ದೊಡ್ಡಪ್ಪ ಸ್ಕೂಲಿಗೆ ಹಾಕ್ಕೊಂಡು ಹೋಗ್ತಿದ್ದ ಅಂಗಿ!

"ಯಾರು?" ಅಂದ.

ಅದು ತಿರುಗಲಿಲ್ಲ. ಬಾಯಲ್ಲಿ ನೀರು ತುಂಬಿಕೊಂಡವರ ಹಾಗೆ, ಮೆಲ್ಲಗೆ ತನ್ನ ಹೆಸರು ಕೇಳಿತು.

"ನನ್ ಎಸ್ರೇನ್ಲಾ?"

ಬಸವೇಶಣ್ಣ ಓಡಿದ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಮನೆ ಬಾಗಿಲು ಹಾರು ಹೊಡೆದಿತ್ತು. ಒಳಗೆ ಅವನ ತಾಯಿ ಚನ್ನಮಲ್ಲಮ್ಮ, ನಮ್ಮ ದೊಡ್ಡವ್ವ, ತಟ್ಟೆ ಹಾಕಿಕೊಂಡು ಕೂತಿದ್ದರು. ಇವನು ಬಾಗಿಲು ಹಾಕೋಕೆ ಹೋದ.

"ಆಕ್ಬ್ಯಾಡ ಕಣ್ಲಾ," ಅಂದರು ದೊಡ್ಡವ್ವ. "ಇನ್ನೂ ಬರೋರವ್ರೆ."

ಈಗ ಹಿಂದಿನದು ಹೇಳದಿದ್ದರೆ ನಿಮಗೆ ತಲೆಬುಡ ಗೊತ್ತಾಗಲ್ಲ. ದೊಡ್ಡಪ್ಪ ಗುರುಪಾದಸ್ವಾಮಿ ವಿಜ್ಞಾನದ ಮೇಷ್ಟ್ರು. ಗ್ರಹಣದ ದಿನ ಊರೆಲ್ಲ ಬಾಗಿಲು ಮುಚ್ಚಿಕೊಂಡರೆ, ಇವರು ಮಕ್ಕಳನ್ನ ಬಯಲಿಗೆ ಕರಕೊಂಡು ಹೋಗಿ ಚುರುಮುರಿ ತಿನ್ನಿಸ್ತಿದ್ದರು. ಕೊರಳಿನ ಲಿಂಗ ಯಾವಾಗಲೋ ತೆಗೆದು ಹೆಂಡತಿ ಕೈಗೆ ಕೊಟ್ಟಿದ್ದರು. ದೊಡ್ಡವ್ವ ದಿನಾ ಬೆಳಗ್ಗೆ ತನ್ನದರ ಜೊತೆ ಗಂಡನದ್ದಕ್ಕೂ ನೀರೆರೆದು ಪೂಜೆ ಮಾಡೋರು. ಇಬ್ಬರೂ ಒಂದು ದಿನವೂ ಜಗಳ ಆಡಿದ್ದು ನಾನು ನೋಡಿಲ್ಲ. ಆ ಮನೇಲಿ ಅದಕ್ಕೂ ಜಾಗ ಇತ್ತು, ಇದಕ್ಕೂ ಜಾಗ ಇತ್ತು.

ಸತ್ತ ಮೇಲೆ ದೇಹ ಮೆಡಿಕಲ್ ಕಾಲೇಜಿಗೆ ಅಂತ ದೊಡ್ಡಪ್ಪ ಬರೆದಿಟ್ಟಿದ್ದರು. ಬಸವೇಶಣ್ಣ ಮಾತು ಉಳಿಸಿಕೊಂಡ. ಗಾಡಿ ಬಂತು, ಕರಕೊಂಡು ಹೋಯ್ತು. ಆದರೆ ನಮ್ಮವರ ಅಭ್ಯಾಸ ಗೊತ್ತಲ್ಲ? ಸಾವಿನ ಸುದ್ದಿ ಕಿವಿಗೆ ಬಿದ್ದ ತಕ್ಷಣ ದಾಯಾದಿಗಳು ಗುದ್ದಲಿ ಹಿಡಿದು ಹೊರಟಿದ್ದರು. ನಮ್ಮಲ್ಲಿ ಮಲಗಿಸಲ್ಲ, ಕೂರಿಸ್ತೀವಿ. ಆಳು ಉದ್ದ ಗುಣಿ ತೋಡಿ, ಅದರ ಗೋಡೆಯಲ್ಲಿ ಒಂದು ಗೂಡು ಕೊರೆದು, ಅಲ್ಲಿ ಕೂರಿಸಿ, ಎಡಗೈಗೆ ಅವರ ಲಿಂಗ ಕೊಟ್ಟು, ವಿಭೂತಿ ಪತ್ರೆ ತುಂಬಿ ಮುಚ್ಚೋದು. ಗಾಡಿ ಆ ಕಡೆ ಹೋಯ್ತು, ಈ ಕಡೆ ಗುಣಿ ರೆಡಿ!

ತೋಡಿದ ಗುಣಿ ಬರಿದು ಬಿಡಬಾರದು ಅನ್ನೋದು ನಮ್ಮಲ್ಲಿದೆ. ಬಿಟ್ಟರೆ ಅದೇ ಒಬ್ಬರನ್ನ ಕೇಳುತ್ತೆ ಅಂತ. ಹಿರಿಯರು ಕೆಂಪನಂಜಪ್ಪನವರು ಒಂದು ದಾರಿ ಹುಡುಕಿದರು. ಆಳೆತ್ತರದ ಬಾಳೆದಿಂಡು ತರಿಸಿದರು. ಅದನ್ನ ನಡುವೆ ಬಗ್ಗಿಸಿ, ದೊಡ್ಡಪ್ಪನ ಪಂಚೆ ಉಡಿಸಿ, ಅಂಗಿ ತೊಡಿಸಿ, ಗೂಡಿನಲ್ಲಿ ಕೂರಿಸಿದರು. ತೋಳಿನ ಜಾಗಕ್ಕೆ ಒಂದು ಬಾಳೆಪಟ್ಟೆ ಕಟ್ಟಿ, ಅದರ ಮೇಲೆ ದೊಡ್ಡಪ್ಪನ ಲಿಂಗ ಇಟ್ಟರು. ಅಯ್ನೋರು ಮಂತ್ರ ಹೇಳಿದರು, ಒಂದಕ್ಷರ ಬಿಡದೆ.

ಬಸವೇಶಣ್ಣ ಬೇಡ ಅನ್ನಲಿಲ್ಲ. "ಬಾಳೆದಿಂಡು ತಾನೆ? ಕೊಳ್ತು ಗೊಬ್ಬರ ಆಯ್ತದೆ. ಅವ್ವಂಗೆ ಸಮಾಧಾನ ಆದ್ರೆ ಸಾಕು," ಅಂದ. ಕಾಲೇಜಿನ ಪಾಲು ಕಾಲೇಜಿಗೆ, ದೇವರ ಪಾಲು ದೇವರಿಗೆ. ಎಲ್ಲರೂ ಅವನ ಬೆನ್ನು ತಟ್ಟಿದರು. ನಾನೂ ತಟ್ಟಿದೆ.

ಸರಿ, ಆ ರಾತ್ರಿಗೆ ಬರೋಣ. ಬಸವೇಶಣ್ಣ ರೂಮಿನಲ್ಲಿ ಚಿಲಕ ಹಾಕಿಕೊಂಡು ಕೂತ. ಸ್ವಲ್ಪ ಹೊತ್ತಿಗೆ ಜಗಲಿ ಮೇಲೆ ಸದ್ದು. ಪಿಚಕ್... ಪಿಚಕ್... ಒದ್ದೆ ಕಾಲಿನದು. ಆಮೇಲೆ ತಟ್ಟೆ ನೆಲಕ್ಕೆ ಉಜ್ಜಿದ ಸದ್ದು. ಆಮೇಲೆ ದೊಡ್ಡವ್ವನ ಪಿಸುಮಾತು.

"ಇನ್ನೊಸಿ ಅನ್ನ ಇಕ್ಲಾ?"

ತಟ್ಟೆ ಇನ್ನೊಮ್ಮೆ ನೆಲಕ್ಕೆ ಉಜ್ಜಿತು.

ಬೆಳಗ್ಗೆ ಎದ್ದು ನೋಡಿದರೆ ಅನ್ನ ಇಟ್ಟ ಹಾಗೇ ಇದೆ. ತಟ್ಟೆಯಿಂದ ದೂರ, ಜಗಲಿ ಮೇಲೆ ಹೆಜ್ಜೆ ಹೆಜ್ಜೆಗೂ ಅಂಟು ಅಂಟು ನೀರು. ಅಪ್ಪನ ಮಗ ಅಲ್ಲವಾ, ಆ ನೀರನ್ನ ಲ್ಯಾಬಿಗೆ ಒಯ್ದ. ಅಯೋಡಿನ್ ಬಿಟ್ಟ. ನೀಲಿ ತಿರುಗಿತು. ಒಂಬತ್ತನೇ ಕ್ಲಾಸಿನಲ್ಲಿ ದೊಡ್ಡಪ್ಪನೇ ಹೇಳಿಕೊಟ್ಟ ಪರೀಕ್ಷೆ. ಪಿಷ್ಟ... ಆ ಹಸಿ ವಾಸನೆಯೂ ಸೇರಿದರೆ ಬಾಳೆದಿಂಡಿನ ರಸವೇ. ಅದು ಏನು ಅಂತ ಸರಿಯಾಗಿ ಗೊತ್ತಾಯ್ತು. ಗೊತ್ತಾಗಿ ಏನು ಮಾಡೋದು, ಹೇಳಿ?

ಸಂಜೆ ಹಾರೆ ಎತ್ತಿಕೊಂಡು ಹೊರಟ, ಅಗೆದು ತೆಗೆದುಬಿಡ್ತೀನಿ ಅಂತ. ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತರು.

"ಅದು ಅಪ್ಪ ಅಲ್ಲ ಕಣವ್ವಾ."

"ನಂಗ್ ಗೊತ್ತಿಲ್ವಾ? ನಿಮ್ಮಪ್ಪ ಕಾಲೇಜಲ್ಲವ್ರೆ."

"ಮತ್ಯಾಕವ್ವಾ ಅನ್ನ ಇಕ್ತೀಯೆ?"

"ಕೈಗೆ ಲಿಂಗ ಕೊಟ್ಟು, ಮಂತ್ರ ಯೋಳಿ ಕೂರ್ಸಿದೋರು ನಾವು. ಇಲ್ದಿದ್ದನ್ನ ಕರ್ದುಬುಟ್ಟು, ಈಗ ಓಗು ಅಂದ್ರೆ ಅದೆಲ್ಗೋದದು?" ದೊಡ್ಡವ್ವ ಅಳೋಕೆ ಶುರು ಮಾಡಿದರು. "ದಿನಾ ನನ್ ಮೊಕ ನೋಡ್ತದೆ ಕಣಪ್ಪ. ನಾನ್ ಸತ್ರೆ ಅದ್ರ ಪಕ್ಕ ಕೂರುಸ್ಬ್ಯಾಡ. ನನ್ನೂ ಅಲ್ಗೇ ಕೊಟ್ಬುಡು... ನಿಮ್ಮಪ್ಪ ಇರೋ ತಾವ್ಕೆ."

ಯೋಚನೆ ಮಾಡಿ. ಒಂದು ದಿನವೂ ಲಿಂಗಪೂಜೆ ಮಾಡದೆ ನೀರು ಕುಡಿದವರಲ್ಲ ಆಕೆ. ಬಸವೇಶಣ್ಣ ತಾಯಿ ಕೈಗೆ ಕೈಯಿಟ್ಟು ಆಣೆ ಮಾಡಿದ. ಮಾರನೇ ವಾರವೇ ಅವ್ವನ ಸಹಿ ಹಾಕಿಸಿ ಕಾಲೇಜಿಗೆ ಬರೆದುಕೊಟ್ಟ.

ಆಮೇಲೆ ದೊಡ್ಡವ್ವ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರೀತು. ಹಾಸಿಗೆ ಹಿಡಿದರು, ಬೆನ್ನೆಲ್ಲ ಹುಣ್ಣಾಯ್ತು. ಬಸವೇಶಣ್ಣ ಮಗುವಿಗೆ ಮಾಡಿದ ಹಾಗೆ ಮಾಡಿದ. ರಾತ್ರಿ ಪಿಚಕ್ ಪಿಚಕ್ ಅನ್ನೋದು ಜಗಲಿಯಿಂದ ಕಿಟಕಿ ಪಕ್ಕಕ್ಕೆ ಬಂದಿತ್ತಂತೆ. ಒಂದು ಬೆಳಗ್ಗೆ ದೊಡ್ಡವ್ವ ಏಳಲಿಲ್ಲ.

ಅವನು ಯಾರಿಗೂ ಕಾಯಲಿಲ್ಲ. ವ್ಯಾನು ಮಾಡಿಕೊಂಡು ದೇಹ ಒಯ್ದ. ಕೆಂಪನಂಜಪ್ಪನವರು ಕೆಂಡವಾದರು.

"ಲಿಂಗಪೂಜೆ ಮಾಡಿದ್ ಜೀವನಾ ಕಾಲೇಜಿಗೆ ಕೊಡೋದಾ? ಅವ್ನಿಗೆ ಬುದ್ಧಿ ಕೆಟ್ಟದೆ. ವಾಪಸ್ ಬಂದೇ ಬತ್ತನೆ. ತೋಡ್ರಲಾ ಗುಣಿಯ."

ಮತ್ತೆ ಅದೇ!

ಬಸವೇಶಣ್ಣ ನಮಗೆ ಏನೂ ಹೇಳಿರಲಿಲ್ಲ. ಈಗ ನಾನು ಹೇಳಿದ್ದೆಲ್ಲ ಅವನು ಆಮೇಲೆ ಬಾಯಿ ಬಿಟ್ಟದ್ದು. ಹಾಗಾಗಿ ದೊಡ್ಡಪ್ಪನ ಗದ್ದುಗೆ ಪಕ್ಕದಲ್ಲೇ ಗುದ್ದಲಿ ಹಿಡಿದವರಲ್ಲಿ ನಾನೂ ಒಬ್ಬ. ಆ ನೆಲ ಗರಸು, ಹಾರೆ ಹಾಕಿದರೆ ಕಿಡಿ ಹಾರುತ್ತೆ. ಆಳು ಉದ್ದ ಇಳಿಯೋ ಹೊತ್ತಿಗೆ ಅಂಗೈ ಬೊಬ್ಬೆ ಎದ್ದಿತ್ತು. ಆಗ ಬಸವೇಶಣ್ಣನ ಫೋನು ಬಂತು.

"ತಗಳಲ್ವಂತೆ ಕಣ್ಲಾ," ಅಂದ. "ಬೆನ್ನಿನ್ ಉಣ್ಣು ಕೀವಾಗವೆ, ಸೋಂಕದೆ, ಅಂಥ ದೇಹ ತಗಳಂಗಿಲ್ಲ ಅಂದ್ರು. ತಪ್ಪೇನಿಲ್ಲ, ಅವ್ರ ರೂಲ್ಸು. ಅಪ್ಪನ ಪಕ್ಕದಲ್ಲಾದ್ರೂ ಒಂದ್ಗಳಿಗೆ ಮಲಗಿಸ್ಕೊಡಿ ಸಾ ಅಂದೆ..."

"ಏನಂದ್ರು?"

"ಪಕ್ಕ ಅಂತ ಇಲ್ಲಿ ಏನೂ ಇರಲ್ಲ ಸರ್, ಅಂದ್ರು."

ಅವನು ವಾಪಸ್ ಬಂದಾಗ ಹೊತ್ತು ಇಳಿದಿತ್ತು. ಗುಣಿ ನೋಡಿ ಅಲ್ಲೇ ಕುಸಿದ. ಇಲ್ಲಿ ಬೇಡ, ಬೇರೆ ಎಲ್ಲಾದರೂ ಇಡೋಣ, ಸುಟ್ಟಾದರೂ ಬಿಡೋಣ ಅಂತ ಒಬ್ಬೊಬ್ಬರ ಕಾಲು ಹಿಡಿದ.

"ಗಂಡನ ಪಕ್ಕ ಅಲ್ವೇನ್ಲಾ?" ಅಂದರು ಕೆಂಪನಂಜಪ್ಪನವರು. "ತೋಡಿದ್ ಗುಣಿ ಬರಿದು ಬುಡಂಗಿಲ್ಲ."

"ಅದು ಗಂಡ ಅಲ್ಲ..." ಅಂದ. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡರು ಎಲ್ಲರೂ. ಇಬ್ಬರು ಹಿಡಿದುಕೊಂಡು ಆ ಕಡೆ ಕೂರಿಸಿದರು. ದೊಡ್ಡವ್ವನನ್ನ ಇಳಿಸಿದೆವು. ಎಡಗೈಗೆ ಆಕೆಯ ಲಿಂಗ ಕೊಟ್ಟೆವು. ಮುಚ್ಚಿದೆವು. ಅವತ್ತಿಂದ ಆ ಜಗಲಿ ಮೇಲೆ ಒದ್ದೆ ಕಾಲಿನ ಸದ್ದಿಲ್ಲ. ಬಸವೇಶಣ್ಣ ರಾತ್ರಿ ಬಾಗಿಲು ತೆಗೆದಿಟ್ಟು, ತಟ್ಟೆ ಹಾಕಿಕೊಂಡು ಕಾಯ್ತಾನೆ. ಅವ್ವ ಹೇಗಿದ್ದಾರೆ ಅಂತ ಅದನ್ನಾದರೂ ಕೇಳಬೇಕಂತೆ. ಅದೂ ಬರಲ್ಲ.

ಒಂದು ಬಿಟ್ಟೆ ನೋಡಿ. ಫೋನು ಇಟ್ಟ ಮೇಲೆ ಗೂಡು ಕೊರೆಯೋಕೆ ಗುಣಿಗೆ ಇಳಿದವನು ನಾನು. ದೊಡ್ಡಪ್ಪನ ಗದ್ದುಗೆ ಕಡೆಯ ಗೋಡೆಗೆ ಹಾರೆ ಹಾಕಿದೆ. ಮೊದಲನೇ ಏಟಿಗೇ ಪುಸಕ್ ಅಂತ ಒಳಕ್ಕೆ ಹೋಯ್ತು. ಮೇಲಿನ ಹೆಂಟೆ ಕಳಚಿ ಬಿತ್ತು. ಒಳಗೆ ಗೂಡು ಆಗಲೇ ಕೊರೆದಿತ್ತು. ಒಬ್ಬ ಹೆಂಗಸು ಕೂರುವಷ್ಟು. ಗೋಡೆಯೆಲ್ಲ ಕೈಯಲ್ಲಿ ಸವರಿದ ಹಾಗೆ ನುಣ್ಣಗೆ. ಕೆಳಗೆ ವಿಭೂತಿ ಹರಡಿತ್ತು. ನಾವು ತಂದ ವಿಭೂತಿ ಮೂಟೆ ಬಾವಿ ಕಟ್ಟೆ ಮೇಲಿತ್ತು, ಇನ್ನೂ ದಾರ ಬಿಚ್ಚಿರಲಿಲ್ಲ. ಬೇಕಾದರೆ ಕೆಂಪನಂಜಪ್ಪನವರನ್ನ ಕೇಳಿ, ಅವರೂ ಬಗ್ಗಿ ನೋಡಿದ್ದಾರೆ, ನೋಡಿಯೂ ಗುಣಿ ಬರಿದು ಬಿಡಬಾರದು ಅಂದರು. ನಾನು ಈ ಕೈಯಲ್ಲೇ ಮುಟ್ಟಿದೆ. ಒದ್ದೆ ಇತ್ತು.