ಸಹಿ ಹಾಕಿದ ಹತ್ತು ಕಾಪಿ

ಹಲಸೂರಿನ ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ಗುರುದೇವಿಯ ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಕೈಯಲ್ಲಿ ಪೊಲೀಸರಿಗೆ ಬರೆದ ದೂರಿತ್ತು.

“ನೀನು ದಿವಾಳಿ ಅಂತ ಕೋರ್ಟ್ ಆರ್ಡರ್ ಆಗಿ ಮೂರು ವರ್ಷ ಆಯ್ತಲ್ಲೋ ಮುನಿರಾಜ. ಮತ್ತೆ ಸಾಲ ಸಿಗೋ ಹಾಗೆ ಸಿಬಿಲ್ ಸ್ಕೋರು ಮೇಲೆ ಬರ್ತಿದೆ ಅಂದಿದ್ದೆ.”

“ಬರ್ತಿತ್ತಕ್ಕ. ಬ್ಯಾಂಕಲ್ಲಿ ಎಫ್‌ಡಿ ಇಟ್ಟು ಕ್ರೆಡಿಟ್ ಕಾರ್ಡ್ ತಗೊಂಡು, ಒಂದು ತಿಂಗಳೂ ತಪ್ಪದೆ ಬಿಲ್ ಕಟ್ಟಿದೀನಿ.”

“ಮತ್ತೇನಾಯ್ತು?”

“ಸ್ಕೋರು ಬೇಗ ಏರಿಸ್ಕೊಡ್ತೀನಿ ಅಂತ ಕಲ್ಯಾಣ ನಗರದಲ್ಲಿ ಒಬ್ರು ಸಿಕ್ಕಿದ್ರು. ಮೆಡಿಕಲ್ ಸ್ಟೋರ್ ಮೇಲೆ ಆಫೀಸು. ಆಧಾರ್, ಪ್ಯಾನ್ ಜೆರಾಕ್ಸಿಗೆ ಸಹಿ ಹಾಕಿ ಹತ್ತತ್ತು ಕಾಪಿ ಕೊಟ್ಟೆ.”

“ಯಾತಕ್ಕೆ ಕೊಡ್ತಿದೀನಿ ಅಂತ ಅದ್ರ ಮೇಲೆ ಬರ್ದ್ಯಾ?”

“ಬರೀಬೇಡಿ, ಕಾಪಿ ವೇಸ್ಟಾಗುತ್ತೆ ಅಂದ್ರು.”

“ಅಯ್ಯೋ ನಿನ್ನ.”

“ವಾರ ಬಿಟ್ಟು ಖಾಲಿಯಾಯ್ತು ಅಂತ ಇನ್ನೂ ಹತ್ತು ಕೇಳಿದ್ರು. ಆಮೇಲೆ ನೋಡಿದ್ರೆ ನನ್ನ ಹೆಸರಲ್ಲಿ ನಾಲ್ಕು ಲೋನು.”

“ಆಫೀಸು ಮುಚ್ಕೊಂಡು ಹೋದ್ರಾ?”

“ಇಲ್ಲ. ಬೆಳಿಗ್ಗೆನೂ ಮೆಟ್ಲ ಮೇಲೆಲ್ಲ ಜನ ಕೂತಿದ್ರು.”

ದೂರಿನ ಪ್ರತಿ ತೆಗೆಸಿಕೊಂಡು ಇಬ್ಬರೂ ಸ್ಟೇಷನ್ ಕಡೆ ನಡೆದರು.

“ಮೇಡಂ, ನಿಮ್ಗೆಷ್ಟು ಕಾಪಿ?” ಎಂದ ಅಂಗಡಿಯವನು.

ಗುರುದೇವಿ ಕೈಯಲ್ಲಿದ್ದ ಆಧಾರ್ ಕೊಡಲಿಲ್ಲ. ಮೊದಲ ಹತ್ತು ಖಾಲಿಯಾದವು, ಇನ್ನೂ ಹತ್ತು ಸಹಿ ಹಾಕಿ ತನ್ನಿ ಎಂದು ಕಲ್ಯಾಣ ನಗರದಿಂದ ಬೆಳಿಗ್ಗೆ ಅವಳಿಗೂ ಫೋನ್ ಬಂದಿತ್ತು.