ಸದ್ದು ಕದ್ದದ್ದು, ಬಹುಮಾನ ರದ್ದು

ನಡುವಿನ ಕುರ್ಚಿಯನ್ನು ತುಂಬಿ ಕೂತಿರುವ ಅಧ್ಯಕ್ಷರೇ, ಅಕ್ಕಪಕ್ಕದ ಅತಿಥಿಗಳೇ, ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಜಾಣ ಸಭಿಕರೇ,

ನಮ್ಮ ಅಭಿಮಾನಿ ಸಂಘದ ವಿಡಿಯೊ ಸ್ಪರ್ಧೆಗೆ ನಿಯಮ ಬರೆದವನು ನಾನೇ. ಕಳೆದ ವರ್ಷ ಒಬ್ಬರು ಯಾರದೋ ಹಾಡನ್ನು ತಂದು ತಮ್ಮ ವಿಡಿಯೊಗೆ ಅಂಟಿಸಿದ್ದರು. ಹಾಡು ಎತ್ತಿದ್ದು ಅವರು, ನೋಟಿಸ್ ಬಂದದ್ದು ನಮಗೆ. ಅದಕ್ಕೇ ಈ ಸಲ ಖಂಡತುಂಡವಾಗಿ ಬರೆದೆ: ಸಿನಿಮಾ ತುಣುಕುಗಳಿಗೆ ನಿರ್ಮಾಪಕರ ಒಪ್ಪಿಗೆ ಸಂಘ ತರುತ್ತದೆ, ಉಳಿದ ಪ್ರತಿಯೊಂದು ಸದ್ದಿಗೂ ಅದರ ಒಡೆಯರ ಸಹಿಯನ್ನು, ಸಾಕ್ಷಿ ಸಮೇತ, ಸ್ಪರ್ಧಿಯೇ ತರಬೇಕು. ಸದ್ದು ಕದ್ದದ್ದು, ಬಹುಮಾನ ರದ್ದು. ಪ್ರಾಸ ಕೂಡಿತು, ಸಮಿತಿ ಚಪ್ಪಾಳೆ ತಟ್ಟಿತು. ಪ್ರಾಸಕ್ಕೂ ಹಲ್ಲಿರುತ್ತದೆ, ಬರೆದವನನ್ನೂ ಕಚ್ಚುತ್ತದೆ ಎಂದು ಆಗ ಯಾರಾದರೂ ಹೇಳಿದರೇ? ಹೇಳಲಿಲ್ಲ.

ಮೊದಲ ಸ್ಥಾನದ ವಿಡಿಯೊ ಈಗಷ್ಟೇ ನೋಡಿದಿರಿ. ನಾಯಕ ಬೈಕಿನಲ್ಲಿ ಗುಡ್ಡ ಹತ್ತುತ್ತಾನೆ. ಆ ಇಂಜಿನ್ನಿನ ಗುಡುಗು ಕೇಳಿ ತೀರ್ಪುಗಾರರಾದ ನಮ್ಮ ಮೆಕ್ಯಾನಿಕ್ ಅಣ್ಣ, "ಗಾಡಿ ಹಳೇದು, ಸೈಲೆನ್ಸರ್ ಹೋಗಿದೆ, ಆದ್ರೂ ಪಿಕಪ್ ಇದೆ" ಎಂದು ಪೂರ್ತಿ ಅಂಕ ಕೊಟ್ಟರು.

ವಿಡಿಯೊ ಮಾಡಿದವಳು ನನ್ನ ಹೆಂಡತಿ. ನಮ್ಮ ಮನೆಯಲ್ಲಿ ಬೈಕಿಲ್ಲ.

ಸಭಿಕರೇ, ನಾನು ಗೊರಕೆ ಹೊಡೆಯುವುದಿಲ್ಲ ಎಂದು ಮದುವೆಯಾದಂದಿನಿಂದ ವಾದಿಸುತ್ತ ಬಂದವನು. ಅತ್ತೆಯವರು ಬಂದಾಗ ಅಡುಗೆಮನೆಯಲ್ಲಿ ಮಲಗುವುದು ಅಲ್ಲಿ ತಂಪೆಂದು. ಪಕ್ಕದ ಮನೆಯವರು ಗೋಡೆ ಬಡಿಯುವುದು ಮೊಳೆ ಹೊಡೆಯಲೆಂದು. ಇವತ್ತು ಬೆಳಿಗ್ಗೆ ಇವಳು ಒಪ್ಪಿಗೆ ಪತ್ರ ಮುಂದಿಟ್ಟಳು. "ಆ ಬೈಕಿನ ಸದ್ದು ನಿಮ್ದಾದ್ರೆ ಸಹಿ ಹಾಕಿ. ಅಲ್ಲ ಅಂದ್ರೆ, ಭಾನುವಾರ ಮಧ್ಯಾಹ್ನ ನಮ್ಮ ಮಂಚದ ಮೇಲೆ ಮಲಗಿದ್ದೋರು ಯಾರು ಅಂತ ನೀವೇ ಹೇಳಿ."

ಹಾಕದಿದ್ದರೆ ಬಹುಮಾನ ರದ್ದು. ಹಾಕಿದರೆ? ಬಹುಮಾನವೇನೆಂದು ನಿಮಗೆ ಗೊತ್ತು: ಹೊಸ ಸಿನಿಮಾದ ಮೊದಲ ಆಟಕ್ಕೆ ಮುಂಚೆ ಅವಳ ವಿಡಿಯೊ ದೊಡ್ಡ ಪರದೆಯ ಮೇಲೆ, ನನ್ನ ನಿದ್ದೆ ಗೋಡೆಗೋಡೆಯ ಸ್ಪೀಕರಿನಲ್ಲಿ. ಆದರೆ ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸದ ಬಿಡುವಿನಲ್ಲಿ, ಹೊಲಿಗೆ ಮಷಿನ್ನಿಗೆ ಫೋನು ಒರಗಿಸಿಟ್ಟು ಅದನ್ನು ಕತ್ತರಿಸಿ ಜೋಡಿಸಿದವಳು ಅವಳು. ಅವಳ ಹೆಸರನ್ನು ಮೈಕಿನಲ್ಲಿ ಯಾರೂ ಕರೆದದ್ದಿಲ್ಲ. ಒಬ್ಬ ಗಂಡನ ಮಾನ ಅದಕ್ಕಿಂತ ದೊಡ್ಡದೇ?

ಸಹಿ ಹಾಕಿದೆ.

ಆದರೆ ಸಮಿತಿ ಬಿಡಬೇಕಲ್ಲ. ನನ್ನ ನಿಯಮವನ್ನೇ ನನಗೆ ಓದಿ, ಸದ್ದು ನಿಮ್ಮದೇ ಎಂಬುದಕ್ಕೆ ಸಾಕ್ಷಿ ಎಲ್ಲಿ ಎಂದಿತು. ಇವಳು ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು: "ನಮ್ಮನೆಯವ್ರನ್ನ ಮುಂದಿನ ಸಾಲಲ್ಲಿ ಕೂರ್ಸಿ, ಅಧ್ಯಕ್ಷರ ಭಾಷಣ ಶುರು ಮಾಡ್ಸಿ. ಸಾಕ್ಷಿ ತಾನಾಗೇ ಬರುತ್ತೆ."

ಕೇಳಿದ ಎಲ್ಲರಿಗೂ ವಂದನೆಗಳು. ಈಗ ಅಧ್ಯಕ್ಷರು ಮಾತಾಡುತ್ತಾರೆ. ದಯವಿಟ್ಟು ಒಂದು ಮೈಕನ್ನು ನನ್ನ ಕುರ್ಚಿಯ ಹತ್ತಿರವೂ ಇಡಿ.

ನಮಸ್ಕಾರ.